ಎಳ್ಳಮಾಸಿಗೆ ಡಿಶ್ ಹೊತ್ತ ಗಾಡಿ

2024ರ ಡಿಸೆಂಬರ್ 30, ಸೋಮವಾರ, ಹಗಲು ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಮಣ್ಣೂರಿನ ಭೀಮಾ ದಂಡೆಯ ತನ್ನ ಜೋಳದ ಹೊಲದಲ್ಲಿ ಚಂದ್ರಾಮ ಟಿವಿಯ ಗುಂಡಿ ಒತ್ತಿದ. ಪರದೆ ನೀಲಿಯಾಯಿತು. ನೀಲಿಯ ನಟ್ಟನಡುವೆ ಒಂದು ಚೌಕ ಮೂಡಿ, ಸಿಗ್ನಲ್ ಇಲ್ಲ ಎಂದಿತು.

ಚಂದ್ರಾಮ ಗಾಬರಿಯಾಗಲಿಲ್ಲ. ಅಫಜಲಪುರದಲ್ಲಿ ಅರ್ಧ ಆಯುಷ್ಯ ಹೊಲಿಗೆ ಯಂತ್ರ ರಿಪೇರಿ ಮಾಡಿದವನು ಒಂದು ನೀಲಿ ಪರದೆಗೆ ಗಾಬರಿಯಾಗುತ್ತಾನೆಯೇ? ಲೋಕದ ಸಕಲ ಯಂತ್ರಗಳೂ ಮೂಲದಲ್ಲಿ ಹೊಲಿಗೆ ಯಂತ್ರಗಳೇ ಎಂಬುದು ಅವನ ಸಿದ್ಧಾಂತ. ಒಂದು ಕಡೆಯಿಂದ ದಾರ ಒಳಗೆ ಹೋಗಬೇಕು, ಇನ್ನೊಂದು ಕಡೆ ಹೊಲಿಗೆಯಾಗಿ ಹೊರಗೆ ಬರಬೇಕು. ಬರದಿದ್ದರೆ ಮೊದಲು ದಾರ ನೋಡು, ಆಮೇಲೆ ಸೂಜಿ, ಕೊನೆಗೆ ಎಣ್ಣೆ ಬಿಡು. ಈ ಮೂರು ಮಾತಿನ ಬಲದಿಂದ ಅವನು ಮಿಕ್ಸರು, ನೀರಿನ ಪಂಪು, ಒಮ್ಮೆ ಮದುವೆ ಮನೆಯ ಬ್ಯಾಂಡಿನವರ ತುತ್ತೂರಿಯನ್ನೂ ಸರಿಮಾಡಿದ್ದ. ಸಿದ್ಧಾಂತ ಇಷ್ಟು ಚಿಕ್ಕದಾಗಿದ್ದೂ ಇಷ್ಟು ದೂರ ಬಂದದ್ದನ್ನು ನಾವು ಮೆಚ್ಚಬೇಕು. ದೊಡ್ಡ ಸಿದ್ಧಾಂತಗಳು ಎಷ್ಟೋ ಸಲ ತುತ್ತೂರಿಯ ತನಕವೂ ಬರುವುದಿಲ್ಲ.

ಟಿವಿ ಇದ್ದದ್ದು ಗಾಡಿಯ ಪಕ್ಕದಲ್ಲಿ, ಕಬ್ಬಿಣದ ಸ್ಟೂಲಿನ ಮೇಲೆ. ಆ ಗಾಡಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಅದು ಜೇವರ್ಗಿಯ ಒಂದು ಶಾಲೆ ಕೈಬಿಟ್ಟ ಮಕ್ಕಳನ್ನು ಒಯ್ಯುವ ಹಳೆಯ ವ್ಯಾನು. ಚಂದ್ರಾಮ ಅದನ್ನು ಆಳಂದಕ್ಕೆ ಒಯ್ದು, ಸೀಟು ಕೀಳಿಸಿ, ಒಳಗೆಲ್ಲ ಪ್ಲೈವುಡ್ ಹೊಡೆಸಿ, ಮಡಚುವ ಮಂಚ, ಒಲೆಕಟ್ಟೆ, ರೊಟ್ಟಿಬುಟ್ಟಿಗೆ ಗೂಟ, ನೆತ್ತಿಯ ಮೇಲೆ ಒಂದು ಡಿಶ್, ಹೀಗೆ ಸಜ್ಜುಗೊಳಿಸಿದ್ದ. ಬಾಗಿಲ ಮೇಲೆ ‘ಸಂಚಾರಿ ನಿವಾಸ’ ಎಂದು ಬರೆಸಿದ್ದ. ಎಲ್ಲಕ್ಕಿಂತ ಅವನಿಗೆ ಹೆಮ್ಮೆಯಿದ್ದದ್ದು ಗಾಡಿಯಲ್ಲಿ ಒಂದೇ ಒಂದು ವೈರೂ ಕಣ್ಣಿಗೆ ಬೀಳುವುದಿಲ್ಲ ಎಂಬುದರ ಬಗ್ಗೆ. ಡಿಶ್‌ನಿಂದ ಇಳಿದ ಕರಿ ವೈರು ಹಿಂದಿನ ಏಣಿಗೆ ಕಟ್ಟಿದ ಗೋಣಿಚೀಲದೊಳಗೆ ಹೋಗುತ್ತಿತ್ತು. ಚೀಲದೊಳಗೆ, ಎಂದಾದರೂ ಬೇಕಾದೀತೆಂದು ಉಳಿಸಿದ ದೊಡ್ಡ ಸುರುಳಿ. ಅಲ್ಲಿಂದ ಅದು ಪ್ಲೈವುಡ್ಡಿನ ಬೆನ್ನ ಹಿಂದೆ ಮಾಯವಾಗಿ, ಪಕ್ಕದ ಗೋಡೆಯ ಸಾಕೆಟ್ಟಿನಲ್ಲಿ ಮತ್ತೆ ಪ್ರಕಟವಾಗುತ್ತಿತ್ತು. ಟಿವಿಯ ಸೆಟ್‌ಟಾಪ್ ಪೆಟ್ಟಿಗೆಯನ್ನು ಆ ಸಾಕೆಟ್ಟಿಗೆ ಸಿಕ್ಕಿಸಿದರೆ ಮುಗಿಯಿತು. ಹಿಂದಿನ ದಿನ ಅಫಜಲಪುರದ ಮನೆ ಮುಂದೆ ನಿಲ್ಲಿಸಿ ಪರೀಕ್ಷೆ ಮಾಡಿದಾಗ ಚಿತ್ರ ಕನ್ನಡಿಯಷ್ಟು ನಿಚ್ಚಳವಾಗಿ ಬಂದಿತ್ತು.

“ಏನಾತೋ ಚಂದ್ರಾಮ? ಬಂದಳೇನು ಕೂಸು?” ಬನ್ನಿಗಿಡದ ಬುಡದಿಂದ ತಾಯಿ ನಿಂಬೆವ್ವ ಕೇಳಿದಳು.

“ಬರ್ತಾಳವ್ವ. ನಾಲ್ಕಕ್ಕ ಅದ ಕಾರ್ಯಕ್ರಮ. ಈಗ ಬರೇ ದಾರಿ ಸಾಫ್ ಮಾಡಾಕತ್ತೇನಿ.”

ಕೂಸು ಎಂದರೆ ಚಂದ್ರಾಮನ ಮಗಳು ಅನುರಾಧಾ. ತೊಗರಿಯ ರೋಗಗಳ ಮೇಲೆ ಓದಿ, ಕಲಬುರಗಿಯಲ್ಲಿ ಅದೇ ಕೆಲಸಕ್ಕೆ ಸೇರಿದ್ದಳು. ಅಂದು ಸಂಜೆ ನಾಲ್ಕಕ್ಕೆ ರೈತರ ಪ್ರಶ್ನೆಗಳಿಗೆ ಟಿವಿಯಲ್ಲಿ ನೇರವಾಗಿ ಉತ್ತರ ಹೇಳುವವಳಿದ್ದಳು. ಆದರೆ ಅಂದು ಎಳ್ಳಮಾಸಿ, ಎಳ್ಳು ಅಮಾವಾಸ್ಯೆ. ಎಳ್ಳಮಾಸಿಗೆ ನಮ್ಮ ಕಡೆ ಊರಿಗೆ ಊರೇ ಬೀಗ ಹಾಕಿಕೊಂಡು ಹೊಲಕ್ಕೆ ಹೋಗುತ್ತದೆ. ಜೋಳದ ದಂಟಿನಿಂದ ಕೊಂಪಿಯೆಂಬ ಪುಟ್ಟ ಗುಡಿಸಲು ಕಟ್ಟಿ, ಒಳಗೆ ಸುಣ್ಣ ಬಳಿದ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜೆ ಮಾಡಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಬಜ್ಜಿ, ಕಡುಬು ಎಂದು ಹೊಟ್ಟೆ ಬಿರಿಯ ಉಣ್ಣುತ್ತಾರೆ. ಚಂದ್ರಾಮನ ಮನೆತನದಲ್ಲಿ ಇನ್ನೊಂದು ಕಟ್ಟಳೆಯಿತ್ತು. ಮನೆಯ ಹಿರಿಯ ಹೆಂಗಸು ಪಾಂಡವರ ಮುಂದೆ ಕೂತರೆ, ಹೊತ್ತು ಮುಳುಗಿ ದೀಪ ಹಚ್ಚುವ ತನಕ ಅವರನ್ನು ಬಿಟ್ಟು ಕದಲಬಾರದು. ನಿಂಬೆವ್ವ ಅತ್ತೆಯಿಲ್ಲದ ಮನೆಗೆ ಸೊಸೆಯಾಗಿ ಬಂದ ತನ್ನ ಹದಿನಾರನೇ ವಯಸ್ಸಿನಿಂದ ಈ ಕಟ್ಟಳೆಯನ್ನು ಒಂದು ವರ್ಷವೂ ಮುರಿದವಳಲ್ಲ.

ಮಗಳ ಸುದ್ದಿ ಬಂದಾಗ ಮನೆಯವರೆಲ್ಲ, ನಾಳೆ ಮೊಬೈಲಿನಲ್ಲಿ ನೋಡಿದರಾಯಿತು ಎಂದಿದ್ದರು. ನಿಂಬೆವ್ವ ಒಂದೇ ಮಾತು ಹೇಳಿದ್ದಳು: “ನಾಳಿಗಿ ನಾ ಇರ್ತೇನಿ ಅಂತ ಬರಕೊಡ್ರಿ.” ಯಾರೂ ಬರೆದುಕೊಡಲಿಲ್ಲ. ಆಗ ಚಂದ್ರಾಮ ಎದ್ದು ನಿಂತು, “ಅವ್ವ, ನೀ ಪಾಂಡವ್ರ ಮುಂದ ಕುಂತಲ್ಲೇ ಮೊಮ್ಮಗಳ ಮಾರಿ ತೋರಿಸ್ತೇನಿ” ಎಂದು ಬಿಟ್ಟ. ಹೆಂಡತಿ ಮಹಾನಂದಾ ಎದುರಿಗೇ ಇದ್ದಳು. ಸಾಕ್ಷಿ ಸಮೇತ ಕೊಟ್ಟ ಮಾತು.

ಈಗ ಅವನು ಪೆಟ್ಟಿಗೆ ಆರಿಸಿ ಹಚ್ಚಿದ. ಸಾಕೆಟ್ಟಿನಿಂದ ಪಿನ್ನು ಕಿತ್ತು ಮತ್ತೆ ಸಿಕ್ಕಿಸಿದ. ಬ್ಯಾಟರಿ ನೋಡಿದ. ಕೊನೆಗೆ ಸಾಕೆಟ್ಟಿನ ತೂತಿಗೆ ಒಂದು ಹನಿ ಎಣ್ಣೆಯನ್ನೂ ಬಿಟ್ಟ. ಪರದೆ ನೀಲಿಯಾಗಿಯೇ ಇತ್ತು. ಎಲ್ಲವೂ ಸರಿಯಿದ್ದ ಮೇಲೆ ತಪ್ಪಿರಬೇಕಾದದ್ದು ಆಕಾಶದ ದಿಕ್ಕೇ ಎಂದು ಅವನು ತೀರ್ಮಾನಿಸಿದ. ಗಾಡಿಯನ್ನು ಹಿಂದಿನ ದಿನದ ದಿಕ್ಕಿಗೇ ನಿಲ್ಲಿಸಿದ್ದ, ಆದರೆ ಅಫಜಲಪುರದ ಆಕಾಶ ಬೇರೆ, ಮಣ್ಣೂರಿನ ಆಕಾಶ ಬೇರೆ.

ಏಣಿ ಹತ್ತುವ ಮುನ್ನ ಒಮ್ಮೆ ಬನ್ನಿಗಿಡದ ಬುಡದ ಪಾಂಡವರಿಗೆ ಕೈಮುಗಿಯಲು ಬಂದವನು, ಕೊಂಪಿಯನ್ನು ಹಿಡಿದು ಅಲ್ಲಾಡಿಸಿ ನೋಡಿದ. “ಈ ಸಲ ಕೊಂಪಿ ನೀ ಭಾಳ ಬರಾಬರ್ ಕಟ್ಟೀದೆವ್ವ. ಬಿರುಗಾಳಿ ಬಂದ್ರೂ ಹಂದಂಗಿಲ್ಲ.”

“ಹಗ್ಗ ಗಟ್ಟಿ ಸಿಕ್ತು” ಎಂದಳು ನಿಂಬೆವ್ವ.

ಗಾಡಿಯ ನೆತ್ತಿಯ ಮೇಲೆ ಚಂದ್ರಾಮ ದಿಕ್ಸೂಚಿ, ತೂಗುಗುಂಡು, ಒಂದು ಅಳತೆ ಪಟ್ಟಿ ಹರಡಿಕೊಂಡು ಕೂತ. ದಕ್ಷಿಣದಿಂದ ತುಸು ಪೂರ್ವಕ್ಕೆ ಡಿಶ್ ಮುಖ ಮಾಡಬೇಕು. ಕಣ್ಣಿಗೆ ಗುರಿಯೊಂದು ಬೇಕೆಂದು ಹೆಂಡತಿಯ ತಮ್ಮ ಗುರುಲಿಂಗನನ್ನು ಕರೆದು, ಉದ್ದನೆಯ ಜೋಳದ ದಂಟಿಗೆ ಕೆಂಪು ವಸ್ತ್ರ ಕಟ್ಟಿ ಕೈಗೆ ಕೊಟ್ಟ.

“ಆ ಬದುವು ದಾಟಿ ಹೋಗಿ ನಿಲ್ಲು. ನಾ ಹೇಳೂತನಾ ಅಲ್ಲಾಡಬ್ಯಾಡ.”

“ಅದು ಖುರ್ಷಿದಕ್ಕನ ಹೊಲ ಮಾಮಾ.”

“ಆಕಾಶಕ್ಕ ಬದುವು ಇಲ್ಲಲೇ. ಹೋಗು.”

ಗುರುಲಿಂಗ ಎರಡು ಕಡುಬು ಕಿಸೆಗೆ ಹಾಕಿಕೊಂಡು ಹೋದ. ಅವನು ಬಡಿಸಿದಷ್ಟೂ ಉಣ್ಣಬಲ್ಲ ಮನುಷ್ಯ; ಬೇರೆ ಗುಣಗಳು ಇದ್ದರೂ ಅವು ಊಟದ ನಂತರ ಬರುತ್ತಿದ್ದವು.

ಪಕ್ಕದ ಹೊಲದ ಖುರ್ಷಿದ ಐವತ್ತು ದಾಟಿದ ಹೆಂಗಸು. ಗಂಡ ಸತ್ತ ಮೇಲೆ ಆ ಹೊಲವನ್ನು ಒಬ್ಬಳೇ ದುಡಿದವಳು. ಎಳ್ಳಮಾಸಿಗೆ ಪ್ರತಿ ವರ್ಷ ನಿಂಬೆವ್ವನ ಪಂಕ್ತಿಯಲ್ಲಿ ಮೊದಲ ಎಲೆ ಅವಳದೇ. ಉಣ್ಣಲೆಂದು ಬರುತ್ತಿದ್ದವಳು ತನ್ನ ತೊಗರಿಯ ನಡುವೆ ಕೆಂಪು ಬಾವುಟ ಕಂಡು ನಿಂತಳು. ನಂತರ ಬಾವುಟದ ಎದುರಿಗೆ ಗಾಡಿ ಕಂಡಳು. ಗಾಡಿಯ ಮೇಲೆ ಒಂದು ಕಣ್ಣು ಮುಚ್ಚಿ ತನ್ನ ಕಡೆಗೇ ನೋಡುತ್ತಿರುವ ಚಂದ್ರಾಮನನ್ನು ಕಂಡಳು.

“ಏ ಗುರುಲಿಂಗ, ನನ್ನ ಹೊಲದಾಗ ಯಾಕ ಝಂಡಾ ಹಿಡಕೊಂಡ್ ನಿಂತೀಯೋ?”

“ನನಗೇನ್ ಮಾಲೂಮ್ ಅಕ್ಕಾ. ನಿಲ್ಲಂದ್ರು, ನಿಂತೇನಿ. ಅಳತಿ ನಡದದ.”

“ಯಾರ ಅಳತಿ?”

“ಮ್ಯಾಲ ಕುಂತಾರಲ್ಲ, ಅವ್ರದು.”

ಇಷ್ಟೇ ಮಾತು. ಆದರೆ ಭೀಮಾ ದಂಡೆಯಲ್ಲಿ ಗಾಳಿಗಿಂತ ಮಾತು ಬೇಗ ಹೋಗುತ್ತದೆ. ಅಂದಂತೂ ಹೊಲಕ್ಕೊಂದು ಸಂಸಾರ ಹರಡಿ ಕೂತಿತ್ತು. ಖುರ್ಷಿದಳ ಹೊಲದಲ್ಲಿ ಅಳತೆಯಾಗಿದ್ದದ್ದು, ಅದರಾಚೆಯ ಹೊಲ ಮುಟ್ಟುವಾಗ ರಸ್ತೆಯಾಯಿತು. ರಸ್ತೆ ಹೊಳೆಯ ದಿಕ್ಕಿಗೆ ಹೋಗುತ್ತದೆಂದ ಮೇಲೆ ಸೇತುವೆ ಆಗದೆ ವಿಧಿಯಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಸೇತುವೆಯಾಚೆ ಮಹಾರಾಷ್ಟ್ರದವರು ಒಪ್ಪಿಯೂ ಆಗಿತ್ತು.

ಜನ ಬರತೊಡಗಿದರು. ಎಳ್ಳಮಾಸಿ ದಿನ ಬರಿಗೈಯಲ್ಲಿ ಯಾರೂ ಯಾರ ಹೊಲಕ್ಕೂ ಹೋಗುವುದಿಲ್ಲ, ಅಳತೆಯವರಿದ್ದಲ್ಲಿಗಂತೂ ಹೋಗುವುದಿಲ್ಲ. ಒಬ್ಬನು ಬದನೆಕಾಯಿ ಭರ್ತ ತಂದ, ಒಬ್ಬಳು ಶೇಂಗಾ ಹೋಳಿಗೆ ತಂದಳು. ಗಾಡಿಯ ಮೇಲಿದ್ದವನು ಕೆಳಗೆ ನೋಡುತ್ತಲೇ ಇರಲಿಲ್ಲವಾದ್ದರಿಂದ ಎಲ್ಲವೂ ಬಾವುಟ ಹಿಡಿದವನಿಗೆ ಸಂದವು. ಗುರುಲಿಂಗ ಒಂದು ಕೈಯಲ್ಲಿ ದಂಟು, ಇನ್ನೊಂದು ಕೈಯಲ್ಲಿ ರೊಟ್ಟಿ ಹಿಡಿದು, ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಪ್ರಾಮಾಣಿಕವಾಗಿ ಹೇಳುತ್ತಿದ್ದ. ಇಷ್ಟು ಗುಟ್ಟು ಕಾಯುವ ಮನುಷ್ಯ ಬಾಯಿ ಬಿಡಲಾರನೆಂದು ಜನರಿಗೆ ಅವನ ಮೇಲೆ ಗೌರವ ಹೆಚ್ಚಿತು.

“ರೋಡ್ ಜರಾ ಪೂರ್ವಕ್ಕ ಸರಿಸ್ರಿ ಸಾಹೇಬ್ರ” ಎಂದು ಚಂದ್ರಾಮನ ಗುರುತಿಲ್ಲದ, ದೂರದ ಹೊಲದ ಮುದುಕನೊಬ್ಬ ಗಾಡಿಯ ಕೆಳಗೆ ನಿಂತು ಕೂಗಿದ. “ಅಲ್ಲಿ ನಮ್ಮಣ್ಣನ ಹೊಲ ಅದ. ಅಂವಂದು ಹೋದ್ರ ನಮಗ ಸಮಾಧಾನ.”

ಚಂದ್ರಾಮ ತಲೆ ಎತ್ತಲಿಲ್ಲ. “ಪೂರ್ವಕ್ಕೂ ಸರಿಸಿ ನೋಡ್ದೆ. ಏನೂ ಬರವಲ್ದು.”

“ಯಾವ ಇಲಾಖೇದರಿ?”

“ಯಾವ ಇಲಾಖಿನೂ ಅಲ್ಲ. ನಮ್ಮ ಮನೀದು. ಟಿವಿ ಬರವಲ್ದು, ಪರೇಶಾನ್ ಆಗೇನಿ.”

ಕೆಳಗೆ ಗುಜುಗುಜು ಎದ್ದಿತು. ಮನೆಯದು ಅನ್ನುವವರೇ ದೊಡ್ಡ ಆಫೀಸರು ಎಂದು ಒಬ್ಬ ಅರ್ಥ ಹೇಳಿದ. ಟಿವಿಯವರೂ ಬರುವವರಿದ್ದಾರೆ, ಅವರು ಬರದೆ ಅಡಿಗಲ್ಲು ಹಾಕುವುದಿಲ್ಲವಂತೆ ಎಂದು ಇನ್ನೊಬ್ಬ ಅದರ ಮೇಲೆ ಅರ್ಥ ಹೇಳಿದ. ಇಬ್ಬರು ಹೆಂಗಸರು ಬಾಚಣಿಗೆ ಹುಡುಕಲು ತಮ್ಮ ಬಂಡಿಯ ಕಡೆ ಓಡಿದರು. ನಿಜ ಹೇಳುವ ಮನುಷ್ಯನಿಗೆ ಇರುವ ಅನುಕೂಲವೇ ಇದು: ಜನ ತಮಗೆ ಬೇಕಾದ್ದನ್ನೆಲ್ಲ ಅವನಿಂದಲೇ ಕೇಳಿಸಿಕೊಳ್ಳುತ್ತಾರೆ.

ಮಹಾನಂದಾ ರೊಟ್ಟಿಬುಟ್ಟಿಯ ಮುಂದೆ ಕೂತು ಬಂದವರಿಗೆಲ್ಲ ಬಡಿಸುತ್ತಿದ್ದಳು. ಒಬ್ಬಾಕೆ ಕಿವಿಯ ಹತ್ತಿರ ಬಂದು, “ನಿಮ್ಮ ಮನಿಯವ್ರು ಮ್ಯಾಲ ಏನ್ ಮಾಡಾಕತ್ತಾರ ಅಕ್ಕಾ, ಖರೇ ಹೇಳು” ಎಂದಳು.

“ಆಕಾಶಕ್ಕ ಎಣ್ಣಿ ಬಿಡಾಕತ್ತಾರ” ಎಂದಳು ಮಹಾನಂದಾ. “ನೀ ಉಣ್ಣು.”

ಖುರ್ಷಿದ ಮಾತ್ರ ಉಣ್ಣಲಿಲ್ಲ. ಅವಳು ಮೂರು ಹೊಲ ದಾಟಿ, ಗೆಳೆಯರ ಹೊಲದಲ್ಲಿ ಊಟಕ್ಕೆ ಕೂತಿದ್ದ ಗ್ರಾಮದ ಆಡಳಿತಾಧಿಕಾರಿ ಶರಫುದ್ದೀನನನ್ನು ಅರ್ಧ ಊಟದಲ್ಲೇ ಎಬ್ಬಿಸಿಕೊಂಡು ಬಂದಳು. ಶರಫುದ್ದೀನ ಮಿತಭಾಷಿ, ಕಟ್ಟುನಿಟ್ಟಿನ ಮನುಷ್ಯ. ತನಗೆ ತಿಳಿಯದೆ ತನ್ನ ಊರಿನಲ್ಲಿ ಒಂದು ಅಡಿ ನೆಲ ಅಳೆದರೂ ಅದು ಅವನಿಗೆ ಕೆಟ್ಟ ಕನಸು. ಮೋಟಾರ್ ಸೈಕಲ್ಲಿನಿಂದ ಉದ್ದನೆಯ ಟೇಪನ್ನು ಕೈಗೆತ್ತಿಕೊಂಡು, ಜನ ಬಿಟ್ಟ ದಾರಿಯಲ್ಲಿ ನಡೆದು, ಏಣಿ ಹತ್ತಿದ.

“ಅಳತಿ ಹುಕುಂ ಎಲ್ಲದರಿ?”

ಚಂದ್ರಾಮ ಮೊದಲ ಸಲ ಕೆಳಗೆ ನೋಡಿದ. ಅವನ ಹೊಲದಲ್ಲಿ ಅವನು ಕರೆಯದ ಒಂದು ಊರು ನಿಂತಿತ್ತು. “ಇಷ್ಟ ಮಂದಿ ಯಾಕ ಕೂಡ್ಯಾರ? ಯಾರಿಗರ ಹಾವು ಕಡಿದದೇನು?”

ಶರಫುದ್ದೀನ ಡಿಶ್ ನೋಡಿದ, ದಿಕ್ಸೂಚಿ ನೋಡಿದ, ಕೆಳಗಿನ ನೀಲಿ ಟಿವಿ ನೋಡಿದ, ಮಗಳ ಕಾರ್ಯಕ್ರಮದ ಮಾತನ್ನು ಚಂದ್ರಾಮನಿಂದ ಕೇಳಿದ. ಅಧಿಕಾರದಲ್ಲಿರುವವರಿಗೆ ಅಪರೂಪವಾದ ಒಂದು ಶಕ್ತಿ ಅವನಲ್ಲಿತ್ತು. ಕಣ್ಣೆದುರಿಗೆ ಇದ್ದದ್ದನ್ನು ಇದ್ದ ಹಾಗೆಯೇ ನಂಬಿದ. ಜನರ ಕಡೆ ತಿರುಗಿ, “ರೋಡ್ ಇಲ್ಲ, ಪೂಲ್ ಇಲ್ಲ” ಎಂದ. “ಇವ್ರ ಮಗಳು ನಾಲ್ಕಕ್ಕ ಟಿವ್ಯಾಗ ಬರ್ತಾಳ. ಅವ್ವಗ ತೋರಸಬೇಕಾಗ್ಯದ. ಅಷ್ಟೇ.”

ಮೊದಲು ಕೇಳಿಸಿದ್ದು ಖುರ್ಷಿದಳ ದನಿ. “ಅಂದ್ರ ನನ್ನ ಹೊಲದಾಗ ರೋಡ್ ಬರಂಗಿಲ್ಲ? ಈಗಷ್ಟೇ ಹಾದ್ಯಾಗ ನಾ ಮನಸ ಗಟ್ಟಿ ಮಾಡಿ ಒಪಗೊಂಡಿದ್ದೆ.”

ರಸ್ತೆ ಕಳೆದುಕೊಂಡ ಜನ ಮನೆಗೆ ಹೋಗಬಹುದಿತ್ತು. ಯಾರೂ ಹೋಗಲಿಲ್ಲ. ನಾಲ್ಕಕ್ಕೆ ಇನ್ನು ಅರ್ಧ ತಾಸೂ ಉಳಿದಿರಲಿಲ್ಲ, ನಿಂಬೆವ್ವ ಬನ್ನಿಗಿಡದ ಕೆಳಗೆ ಹೊರಸಿನ ಮೇಲೆ ಕೂತು ಯಾರನ್ನೂ ಏನೂ ಕೇಳದೆ ಸೆರಗಿನಿಂದ ಕಣ್ಣಡಕ ಒರೆಸುತ್ತಿದ್ದಳು. ಅದನ್ನು ಕಂಡ ಮೇಲೆ ಎದ್ದು ಹೋಗುವುದು ಯಾರಿಗೂ ಆಗಲಿಲ್ಲ. ಎಲ್ಲರೂ ಮೊಬೈಲು ತೆಗೆದರು. ಹೊಳೆಯಾಚೆಯ ಟವರಿನಿಂದ ಮಾತು ಬರುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. ಎಲ್ಲರ ಅಂಗೈಯಲ್ಲೂ ಒಂದೊಂದು ಚಕ್ರ ತಿರುಗುತ್ತಲೇ ಇತ್ತು.

ಮಹಾನಂದಾ ಕೈತೊಳೆದುಕೊಂಡು ಎದ್ದಳು. “ಅಂಗಡಿಗಿ ಬಂದವ್ರಿಗೆಲ್ಲ ಮೊದ್ಲ ದಾರ ನೋಡ್ರಿ, ದಾರ ನೋಡ್ರಿ ಅಂತೀರಿ. ನಿಮ್ಮ ದಾರ ಎಲ್ಲದ?”

“ಒಳಗದ. ಕಾಣಂಗಿಲ್ಲ” ಎಂದ ಚಂದ್ರಾಮ. ಆ ಗಳಿಗೆಯಲ್ಲೂ ದನಿಯಲ್ಲಿ ತುಸು ಹೆಮ್ಮೆಯಿತ್ತು.

“ಕಾಣಲಾರದ ದಾರ ಹರದದೋ ಅದನೋ ಹ್ಯಾಂಗ ಗೊತ್ತಾಗತದ?”

ಚಂದ್ರಾಮ ಏಣಿ ಇಳಿದ. ಗೋಣಿಚೀಲ ಮುಂಜಾನೆ ಇದ್ದಷ್ಟೇ ದುಂಡಗೆ, ಇದ್ದಲ್ಲೇ ಇತ್ತು. ಮೇಲಿನಿಂದ ಬಂದ ವೈರು ಚೀಲದ ಬಾಯೊಳಗೆ ಹೋಗಿತ್ತು, ಗೋಡೆಯ ವೈರು ಚೀಲದ ಬಾಯಿಂದ ಹೊರಗೆ ಬಂದಿತ್ತು. ಅವನು ಚೀಲದ ಬಾಯಿ ಬಿಚ್ಚಿ ಕೈಹಾಕಿದ. ಕೈಗೆ ಉಳ್ಳಾಗಡ್ಡಿ ಬಂತು. ಮತ್ತೆ ಹಾಕಿದ, ಮತ್ತೆ ಉಳ್ಳಾಗಡ್ಡಿ. ಚೀಲ ಬೋರಲು ಹಾಕಿದಾಗ ಉಳ್ಳಾಗಡ್ಡಿಗಳು ಶರಫುದ್ದೀನನ ಬೂಟಿನ ತನಕ ಉರುಳಿಹೋದವು. ಮೇಲಿನ ವೈರಿನ ತುದಿಯೂ ಗೋಡೆಯ ವೈರಿನ ತುದಿಯೂ ಕುಡುಗೋಲಿನಿಂದ ಚೊಕ್ಕಟವಾಗಿ ಕೊಯ್ಸಿಕೊಂಡು ತೂಗಾಡಿದವು.

“ನನ್ನ ವೈರ್” ಎಂದ ಚಂದ್ರಾಮ.

“ಆ ಕರಿ ಹಗ್ಗ ಕೇಳಾಕತ್ತೀಯೇನು?” ನಿಂಬೆವ್ವ ಹೊರಸಿನಿಂದಲೇ ಕೇಳಿದಳು. “ಮುಂಜಾನಿ ಗಾಡಿ ತುಂಬಾಗ ಕೊಂಪಿಗಿ ಹಗ್ಗ ಇಲ್ಲಂತ ನೆನಪಾತು. ಆ ಚೀಲದಾಗ ಸುಮ್ನ ಬಿದ್ದಿತ್ತು, ಕೊಯ್ಕೊಂಡೆ. ಚೀಲ ಖಾಲಿ ಯಾಕ ಹೋಗಬೇಕಂತ ಉಳ್ಳಾಗಡ್ಡಿ ತುಂಬೇನಿ.”

ಊರೆಲ್ಲ ಕೊಂಪಿಯ ಕಡೆ ನೋಡಿತು. ಜೋಳದ ದಂಟುಗಳನ್ನು ಮೊಳದುದ್ದದ ಕರಿ ತುಂಡುಗಳು ಬಿಗಿಬಿಗಿಯಾಗಿ ಅಪ್ಪಿಕೊಂಡಿದ್ದವು. ಒಂದೊಂದು ಗಂಟೂ ನೋಡುವ ಹಾಗಿತ್ತು.

ಇಲ್ಲಿ ಬೇರೆ ಯಾವ ಮಗನಾದರೂ ಒಂದು ಮಾತು ಅನ್ನುತ್ತಿದ್ದ. ಚಂದ್ರಾಮ ಬಾಯಿ ತೆರೆದ, ತಾಯಿಯನ್ನು ನೋಡಿದ, “ಗಂಟು ಮಾತ್ರ ಮಸ್ತ್ ಹಾಕೀದೆವ್ವ” ಎಂದ. ಕಥೆ ಹೇಳುವವರು ಇಂಥ ಜಾಗದಲ್ಲಿ ತಲೆಯ ರುಮಾಲು ತೆಗೆದು ಒಂದು ಗಳಿಗೆ ನಿಲ್ಲಬೇಕು.

ಕೊಂಪಿ ಬಿಚ್ಚುವ ಮಾತನ್ನು ಗುರುಲಿಂಗ ಎತ್ತಿದ. ದೀಪ ಹಚ್ಚುವ ಮುಂಚೆ ಪಾಂಡವರ ಮನೆ ಬಿಚ್ಚುವ ಮಾತಾಡಿದವನನ್ನು ನಿಂಬೆವ್ವ ಒಮ್ಮೆ ನೋಡಿದಳು. ಅವನು ಬಾವುಟ ತೆಗೆದುಕೊಂಡು ತಾನಾಗಿಯೇ ಖುರ್ಷಿದಳ ಹೊಲಕ್ಕೆ ಹೋಗಿ ನಿಂತ.

ಉಳಿದದ್ದು ಮೇಲಿನಿಂದ ಇಳಿದ ತುಂಡು ವೈರು ಒಂದೇ. ಚಂದ್ರಾಮ ಅದರ ತುದಿಯ ಸಿಪ್ಪೆ ಸುಲಿದು, ತಿರುಪಿನ ಟೊಪ್ಪಿಗೆ ಹಾಕಿ, ಸಾಕೆಟ್ಟು ಗೋಡೆ ಎಲ್ಲ ಬಿಟ್ಟು ನೇರ ಪೆಟ್ಟಿಗೆಗೇ ಸಿಕ್ಕಿಸಿದ. ಮತ್ತೆ ಮೇಲೆ ಹತ್ತಿ, ದಿನವೆಲ್ಲ ತಿರುಗಿಸಿದ ಡಿಶ್ಶನ್ನು ಹನ್ನೊಂದು ಗಂಟೆಗೆ ಇದ್ದ ದಿಕ್ಕಿಗೇ ತಂದ. ಶರಫುದ್ದೀನ ಪರದೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಸಿಗ್ನಲ್ಲಿನ ಅಂಕೆ ಕೂಗಿದ.

“ಹದಿನೆಂಟು. ಮೂವತ್ತು. ಇಳೀತು, ಹಿಂದಕ್ಕ ಬರ್ರಿ. ಐವತ್ತು. ಎಪ್ಪತ್ತು. ಬಸ್, ಇನ್ನ ಉಸಿರ ಬಿಡಬ್ಯಾಡ್ರಿ.”

ಪರದೆಯಲ್ಲಿ ಹಸಿರು ಸೀರೆಯ ಅನುರಾಧಾ ಕೈಮುಗಿಯುತ್ತಿದ್ದಳು. ನಾಲ್ಕು ಹೊಡೆದಿತ್ತು.

ಟಿವಿಯನ್ನು ಸ್ಟೂಲಿನ ಸಮೇತ ಎತ್ತಿ ನಿಂಬೆವ್ವನ ಕಡೆ ಹೊರಟರು. ವೈರು ಬಿಗಿಯಾಗಿ ಜಗ್ಗಿತು. ಎಳೆದರೆ ಕಿತ್ತು ಬರುವಂತಿತ್ತು. ಗಾಡಿ ಸರಿಸೋಣವೆಂದರೆ ಎರೆಮಣ್ಣಿನಲ್ಲಿ ಅದು ವಾಲುತ್ತದೆ. ವಾಲಿದರೆ ಡಿಶ್ ಮತ್ತೆ ಬೇರೆ ಕಡೆ ನೋಡುತ್ತದೆ. ಟಿವಿ ಅಲ್ಲಿಯೇ ನಿಂತಿತು. ನಿಂಬೆವ್ವ ಕಣ್ಣು ಕಿರಿದು ಮಾಡಿದಳು. ಒಂದು ಕಣ್ಣಿನ ಪೊರೆ ತೆಗೆಸಿದ್ದು ಆಗಿತ್ತು, ಇನ್ನೊಂದರದ್ದು ಸಂಕ್ರಮಣ ಆದ ಮೇಲೆ ಎಂದು ಡಾಕ್ಟರು ಹೇಳಿದ್ದರು.

“ಏನ್ ಉಟ್ಕೊಂಡಾಳೋ?”

“ಹಸರ ಸೀರಿ ಅವ್ವ.”

“ಬರೇ ಹಸರ ಕಾಣತದ. ಜೋಳನೂ ಹಂಗೇ ಕಾಣತದ.”

ಕಟ್ಟಳೆ ಮುರಿ ಎಂದು ಆ ವಯಸ್ಸಿನ ಹೆಂಗಸಿಗೆ ಹೇಳುವ ಧೈರ್ಯ ಸೇತುವೆ ಕಟ್ಟಿದವರಿಗೂ ಇರಲಿಲ್ಲ. ನಿಂಬೆವ್ವ ಐದು ಕಲ್ಲುಗಳನ್ನು ನೋಡಿದಳು, ಆಮೇಲೆ ಹಸಿರನ್ನು ನೋಡಿದಳು.

“ಚಂದ್ರಾಮ, ಪಾಂಡವ್ರು ವನವಾಸ ಎಷ್ಟ ವರ್ಷ ಮಾಡಿದ್ರೋ?”

“ಹನ್ನೆರಡವ್ವ. ಮ್ಯಾಲ ಒಂದು ಅಜ್ಞಾತವಾಸ.”

“ಒಂದೇ ಗಿಡದ ಬುಡಕ ಕುಂತಿದ್ರೇನು?”

“ಇಲ್ಲವ್ವ. ಊರೂರು ತಿರುಗ್ಯಾರ.”

“ನಾ ಅವ್ರನ್ನ ಬಿಟ್ಟ ಕದಲಬಾರದು. ಅವ್ರೇ ಎದ್ದು ಹೊಂಟ್ರ ನಾ ಹಿಂದ ಹೋಗಬೇಕಾಗತದ.” ನಿಂಬೆವ್ವ ಕಣ್ಣಡಕ ಹಾಕಿಕೊಂಡಳು. “ಎತ್ರಿ.”

ಧರ್ಮರಾಯನಿಂದ ಹಿಡಿದು ಸಹದೇವನ ತನಕ ಐದು ಕಲ್ಲುಗಳನ್ನು ಚಂದ್ರಾಮ ಮಡಿಲಲ್ಲಿ ತುಂಬಿಕೊಂಡ. ನಾಲ್ಕು ಜನ ಕೊಂಪಿಗೆ ಹೆಗಲು ಕೊಟ್ಟು ಪಲ್ಲಕ್ಕಿಯ ಹಾಗೆ ಎತ್ತಿದರು. ಒಂದು ದಂಟು ಜಾರಲಿಲ್ಲ, ಒಂದು ಗಂಟು ಸಡಿಲಲಿಲ್ಲ. ಅಂಥ ಹಗ್ಗ, ಅಂಥ ಕೈ. ನಿಂಬೆವ್ವ ಕೂತಿದ್ದ ಹೊರಸಿನ ಒಂದು ಕಾಲನ್ನು ಶರಫುದ್ದೀನ ಹಿಡಿದ. ಅಂಬಲಿಯ ಗಡಿಗೆಯನ್ನು ಹೊತ್ತು ಖುರ್ಷಿದ ಮುಂದೆ ನಡೆದಳು. ಪಾಂಡವರು ಟಿವಿಯ ಮುಂದೆ ಬಂದು ಇಳಿದರು, ಅವರ ಹಿಂದೆ ನಿಂಬೆವ್ವ ಇಳಿದಳು.

ಅನುರಾಧಾ ತೊಗರಿಯ ಸೊರಗು ರೋಗದ ಬಗ್ಗೆ ಹೇಳುತ್ತಿದ್ದಳು. ನಿಂಬೆವ್ವ ಮಾತು ಕೇಳಲಿಲ್ಲ, ಮುಖವನ್ನೇ ನೋಡಿದಳು. ಪರದೆಯ ಕೆಳಗೆ ಪ್ರಶ್ನೆ ಕೇಳುವವರಿಗೊಂದು ನಂಬರು ಹರಿಯುತ್ತಿತ್ತು. ಖುರ್ಷಿದ ಅದಕ್ಕೆ ಫೋನು ಹಚ್ಚಿದಳು. ಬಹಳ ಹೊತ್ತಾದ ಮೇಲೆ ಸಿಕ್ಕಿತು. ತನ್ನ ತೊಗರಿ ಒಣಗುತ್ತಿರುವುದನ್ನು ಅವಳು ಅರ್ಧ ಹೇಳುವಷ್ಟರಲ್ಲಿ ನಿಂಬೆವ್ವ ಫೋನು ಇಸಿದುಕೊಂಡಳು.

“ಅದೆಲ್ಲ ಇರ್ಲಿ ಬೇ. ನೀ ಬಜ್ಜಿ ಉಂಡೀಯೇನು?”

ಪರದೆಯ ಮೇಲೆ ಅನುರಾಧಾ ಕೈಯಲ್ಲಿದ್ದ ಕಾಗದ ಕೆಳಗಿಟ್ಟಳು. ಆಮೇಲೆ ನಾಡಿನ ರೈತರೆಲ್ಲರ ಎದುರಿಗೆ, “ಇಲ್ಲ ಆಯಿ” ಎಂದಳು.

“ಎತ್ತಿಟ್ಟೇನಿ. ಕೆಲಸ ಮುಗಿಸ್ಕೊಂಡ್ ಬಾ” ಎಂದು ನಿಂಬೆವ್ವ ಫೋನನ್ನು ಖುರ್ಷಿದಳಿಗೆ ಮರಳಿ ಕೊಟ್ಟಳು. “ಈಗ ನಿನ್ನ ತೊಗರಿ ಕೇಳು.”

ಹೊತ್ತು ಮುಳುಗಿತು. ದೀಪ ಹಚ್ಚಿದ ಮೇಲೆ ನಿಂಬೆವ್ವ ಎದ್ದಳು, ಜನ ಬಂಡಿ ಹೂಡಿದರು. ಶರಫುದ್ದೀನ ಮಾತ್ರ ಟೇಪು ಹಿಡಿದುಕೊಂಡು ನಿಂತಿದ್ದ.

“ಇನ್ನೇನ್ ಉಳೀತರಿ?” ಚಂದ್ರಾಮ ಕೇಳಿದ.

“ಅಳ್ಯಾಕಂತ ಊಟ ಬಿಟ್ಟ ಎದ್ದ ಬಂದೇನಿ. ಏನರ ಅಳೀದ ಹ್ಯಾಂಗ ಹೋಗ್ಲಿ? ಆ ತುದಿ ಹಿಡೀರಿ.”

ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಬಿಟ್ಟ ಸುಣ್ಣದ ಗುರುತು ಇನ್ನೂ ಹಾಗೇ ಇತ್ತು. ಚಂದ್ರಾಮ ಅಲ್ಲಿ ಟೇಪಿನ ತುದಿ ಒತ್ತಿ ಹಿಡಿದ. ಶರಫುದ್ದೀನ ದೀಪದ ತನಕ ನಡೆದು ಬಗ್ಗಿ ನೋಡಿ, ಪಾಂಡವರು ಆ ದಿನ ನಡೆದ ದೂರವನ್ನು ಓದಿ ಹೇಳಿದ: ಹನ್ನೊಂದು ಅಡಿ ನಾಲ್ಕು ಇಂಚು.